ಅತಿಥಿ ಶಿಕ್ಷಕರಾಗಲು ಹೊರಟವರು ತಿಳಿದಿರಬೇಕಾದ ಸಂಗತಿಗಳು

ತುಮಕೂರು: ರಜೆ ಹಾಕಿದ ಶಿಕ್ಷಕರ ಬದಲಿಗೆ ಹೊರಗಿನಿಂದ ಒಬ್ಬರನ್ನು ಕರೆಸಿ, ಆ ದಿನದ ಮಟ್ಟಿಗೆ ತರಗತಿ ನಡೆಸಿ ಕಳುಹಿಸುವ ಪದ್ಧತಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ರೂಢಿಯಲ್ಲಿದೆ. ಬೆಳಗ್ಗೆ ದೂರವಾಣಿ ಕರೆ, ಸಂಜೆಗೆ ಆ ದಿನದ ಲೆಕ್ಕ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂತಹ ಏರ್ಪಾಡಿಲ್ಲ. ಇಲ್ಲಿ ಒಬ್ಬರು ರಜೆ ಹಾಕಿದರೆ ಪಕ್ಕದ ತರಗತಿಯ ಶಿಕ್ಷಕರೇ ಎರಡೂ ಕೋಣೆಗಳನ್ನು ನೋಡಿಕೊಳ್ಳುತ್ತಾರೆ. ಏಕೋಪಾಧ್ಯಾಯ ಶಾಲೆಯಾದರೆ ಸಮೀಪದ ಊರಿನ ಶಾಲೆಯಿಂದ ಯಾರನ್ನಾದರೂ ನಿಯೋಜಿಸಲಾಗುತ್ತದೆ.

ಇಲ್ಲಿ ಬದಲಿ ಶಿಕ್ಷಕರೆಂದರೆ 'ಅತಿಥಿ ಶಿಕ್ಷಕರು'. ಇವರು ರಜೆಯಲ್ಲಿರುವವರ ಬದಲಿಗೆ ಬರುವವರಲ್ಲ, ಖಾಲಿ ಬಿದ್ದಿರುವ ಹುದ್ದೆಯ ಬದಲಿಗೆ ಬರುವವರು. ನಿವೃತ್ತಿ, ವರ್ಗಾವಣೆ, ಮರಣ ಮುಂತಾದ ಕಾರಣಗಳಿಂದ ತೆರವಾದ ಸ್ಥಾನದಲ್ಲಿ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಪಾಠ ಹೇಳಿ, ವರ್ಷಾಂತ್ಯದಲ್ಲಿ ಬಿಡುಗಡೆ ಹೊಂದುವುದು ಅವರ ಪಾಲಿನ ಕೆಲಸ. ಮರುವರ್ಷ ಅದೇ ಶಾಲೆ, ಅದೇ ಕುರ್ಚಿ, ಹೊಸ ಅರ್ಜಿ. ಅತಿಥಿಯೆಂಬ ಹೆಸರು ಸರ್ಕಾರಕ್ಕೆ ಹೇಗೆ ಹೊಳೆಯಿತೋ ತಿಳಿಯದು. ಹತ್ತು ವರ್ಷ ಒಂದೇ ಮನೆಯಲ್ಲಿ ದುಡಿದವರನ್ನು ಲೋಕರೂಢಿಯಲ್ಲಿ ಯಾರೂ ಅತಿಥಿಯೆನ್ನುವುದಿಲ್ಲ.

2025-26ನೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ 40 ಸಾವಿರ ಹಾಗೂ ಪ್ರೌಢಶಾಲೆಗಳಿಗೆ 11 ಸಾವಿರ, ಹೀಗೆ ಒಟ್ಟು 51 ಸಾವಿರ ಅತಿಥಿ ಶಿಕ್ಷಕರ ನೇಮಕಕ್ಕೆ ಸರ್ಕಾರ ಅನುಮತಿ ನೀಡಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಮಿನ ಪ್ರಕಾರ ಯಾವುದೇ ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಶೇ. 10ಕ್ಕಿಂತ ಹೆಚ್ಚು ಖಾಲಿ ಇರತಕ್ಕದ್ದಲ್ಲ. ಮಂಜೂರಾದ ಮೂರು ಹುದ್ದೆಗಳಲ್ಲಿ ಒಂದು ಖಾಲಿ ಬಿದ್ದ ಕೂಡಲೇ ಹಳ್ಳಿಯ ಶಾಲೆಯೊಂದು ಈ ಮಿತಿಯನ್ನು ದಾಟಿಬಿಡುತ್ತದೆ. ಕಾಯ್ದೆಗೂ ವಾಸ್ತವಕ್ಕೂ ನಡುವಿನ ಈ ಅಂತರದಲ್ಲೇ ಅತಿಥಿ ಶಿಕ್ಷಕರ ಬದುಕು ನಡೆಯುತ್ತಿದೆ.

ನೇಮಕ ಹೇಗೆ?

ತುಮಕೂರು ಕಂದಾಯ ಜಿಲ್ಲೆಯ ಹತ್ತು ತಾಲ್ಲೂಕುಗಳು ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ ಹಂಚಿಹೋಗಿವೆ. ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಮೊದಲನೆಯದಕ್ಕೆ ಸೇರಿದವು. ಶಿರಾ, ಕೊರಟಗೆರೆ, ಪಾವಗಡ ಕಡೆಯ ಶಾಲೆಗಳನ್ನು ಬಯಸುವವರು ಮಧುಗಿರಿಯ ಉಪನಿರ್ದೇಶಕರ ವ್ಯಾಪ್ತಿಗೆ ಬರುತ್ತಾರೆ. ಹೊಸಬರು ಎಷ್ಟೋ ವೇಳೆ ಇದನ್ನು ಅರಿಯದೆ ತುಮಕೂರಿನ ಕಚೇರಿಯಲ್ಲಿ ಅಲೆಯುವುದುಂಟು.

ವಾಸ್ತವದಲ್ಲಿ ಉಪನಿರ್ದೇಶಕರ ಕಚೇರಿಯಲ್ಲಿ ಅಲೆಯುವ ಅಗತ್ಯವೇ ಇಲ್ಲ. ಖಾಲಿ ಹುದ್ದೆಗಳ ಸಂಖ್ಯೆಯನ್ನು ನೋಡಿ ತಾಲ್ಲೂಕುವಾರು ಹಂಚಿಕೆಯಾಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಅದನ್ನು ಶಾಲಾವಾರು ಹಂಚುತ್ತಾರೆ. ಆಯ್ಕೆಯ ಹೊಣೆ ಮುಖ್ಯ ಶಿಕ್ಷಕರದ್ದು. 2001ರಲ್ಲಿ ಅಸ್ತಿತ್ವಕ್ಕೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಜನ ಎಸ್‌ಡಿಎಂಸಿ ಎಂದು ಕರೆಯುವ ಪೋಷಕರ ಸಮಿತಿಗೆ, ಇದರಲ್ಲಿ ಮಾತು ಇದ್ದೇ ಇರುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಯ ವಾರ ಶಾಲೆಗಳು ಬಾಗಿಲು ತೆರೆಯುತ್ತಿದ್ದಂತೆ ನೇರವಾಗಿ ಶಾಲೆಗೇ ಹೋಗಿ ಮುಖ್ಯ ಶಿಕ್ಷಕರನ್ನು ಕಾಣುವುದು ಒಳಿತು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಡಿ.ಇಡಿ ಅಥವಾ ಬಿ.ಇಡಿ ಅಂಕಪಟ್ಟಿಗಳು, ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್ ಪ್ರತಿಗಳು ಕೈಯಲ್ಲಿರಬೇಕು.

ಆಯ್ಕೆ ಅರ್ಹತೆಯ ಆಧಾರದ ಮೇಲೆ ನಡೆಯಬೇಕೆಂಬುದು ನಿಯಮ. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಆದ್ಯತೆ. ಹಾಗಿದ್ದೂ ಹಳ್ಳಿಗಳಲ್ಲಿ 'ನಮ್ಮೂರ ಹುಡುಗಿ' ಎಂಬುದೂ ಒಂದು ಅರ್ಹತೆಯೇ. ಇದನ್ನು ಪಕ್ಷಪಾತವೆಂದು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಊರಿನವರಾದರೆ ಬಸ್ಸು ತಪ್ಪಿತೆಂಬ ಮಾತಿಲ್ಲ, ಮಕ್ಕಳ ಮನೆಯ ಪರಿಸ್ಥಿತಿ ತಿಳಿದಿರುತ್ತದೆ, ಅಷ್ಟು ಕಡಿಮೆ ಗೌರವಧನಕ್ಕೆ ಹೊರಗಿನವರು ಬಹುಕಾಲ ನಿಲ್ಲುವುದೂ ಇಲ್ಲ. ಆದರೆ ಗಣಿತ, ವಿಜ್ಞಾನ, ಇಂಗ್ಲಿಷ್ ವಿಷಯಗಳಿಗೆ ಈ ಲೆಕ್ಕ ನಡೆಯದು. ಪ್ರೌಢಶಾಲೆಗಳ ಪಿಸಿಎಂ ಮತ್ತು ಸಿಬಿಜೆಡ್ ಸ್ಥಾನಗಳಿಗೆ ತಕ್ಕ ಅಭ್ಯರ್ಥಿ ಸಿಕ್ಕರೆ ಮುಖ್ಯ ಶಿಕ್ಷಕರು ಊರು ಕೇಳುವುದಿಲ್ಲ.

ಆಯ್ಕೆಯಾದ ಕೂಡಲೇ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕಾಗುತ್ತದೆ. ಈ ಕೆಲಸ ಸಂಪೂರ್ಣ ತಾತ್ಕಾಲಿಕ, ಕಾಯಂ ಶಿಕ್ಷಕರು ಆ ಸ್ಥಾನಕ್ಕೆ ಬಂದ ದಿನವೇ ಬಿಡುಗಡೆ, ಮುಂದೆ ಯಾವುದೇ ಹಕ್ಕು ಸಾಧಿಸುವುದಿಲ್ಲ ಎಂಬುದು ಅದರ ಸಾರಾಂಶ. ಅನೇಕರು ಓದದೆ ಸಹಿ ಹಾಕುತ್ತಾರೆ. ವರ್ಗಾವಣೆಯ ಕೌನ್ಸೆಲಿಂಗ್ ವರ್ಷದ ನಡುವೆ ನಡೆದಾಗ ಇದರ ಬಿಸಿ ತಟ್ಟುತ್ತದೆ. ಅರ್ಧಕ್ಕೆ ಬಂದ ಪಾಠವನ್ನು ಹೊಸ ಶಿಕ್ಷಕರ ಕೈಗೊಪ್ಪಿಸಿ, ಮರುದಿನದಿಂದ ಮನೆಯಲ್ಲಿ ಕೂರಬೇಕು.

ಗೌರವಧನದ ಲೆಕ್ಕ

ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಮಾಸಿಕ ಗೌರವಧನ 2022ರಲ್ಲಿ 7,500 ರೂಪಾಯಿಗಳಿಂದ 10,000 ರೂಪಾಯಿಗಳಿಗೆ ಏರಿತು. ಪ್ರೌಢಶಾಲೆಯವರಿಗೆ 10,500 ರೂಪಾಯಿ ನಿಗದಿಯಾಯಿತು. 2025ರ ಮಾರ್ಚ್‌ನ ಆಯವ್ಯಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಇದಕ್ಕೆ 2,000 ರೂಪಾಯಿ ಸೇರಿಸುವುದಾಗಿ ಪ್ರಕಟಿಸಿದರು. ಅದರಂತೆ 2025-26ನೇ ಸಾಲಿಗೆ ಪ್ರಾಥಮಿಕ ಶಾಲೆಯಲ್ಲಿ 12,000, ಪ್ರೌಢಶಾಲೆಯಲ್ಲಿ 12,500, ಪದವಿಪೂರ್ವ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ 14,000 ರೂಪಾಯಿ ಎಂದಾಯಿತು.

ಈ ಅಂಕಿಗಳನ್ನು ಬೇರೆ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರಷ್ಟೇ ಅರ್ಥವಾಗುತ್ತದೆ. ಹನ್ನೆರಡು ಸಾವಿರವನ್ನು 26 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 460 ರೂಪಾಯಿ. ಅದೇ 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000 ರೂಪಾಯಿ. ಅಂದರೆ ಕಚೇರಿಯಲ್ಲಿ ಕಡತ ಹೊರುವ ಕಾಯಂ ನೌಕರನ ಮೂಲವೇತನದ ಅರ್ಧಕ್ಕೂ ಬಿ.ಇಡಿ ಮುಗಿಸಿ ವಿಜ್ಞಾನ ಕಲಿಸುವ ಅತಿಥಿಯ ಗೌರವಧನ ತಲುಪುವುದಿಲ್ಲ. ಕೆಲಸ ಮಾತ್ರ ಕಾಯಂ ಶಿಕ್ಷಕರದ್ದೇ.

ಹಣ ತಿಂಗಳ ಮೊದಲ ದಿನ ಕೈಸೇರುವುದೆಂದು ಭಾವಿಸಬಾರದು. ಅನುದಾನ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ; ಹಾಜರಾತಿ ದೃಢೀಕರಣ ಮುಖ್ಯ ಶಿಕ್ಷಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು; ಎರಡು-ಮೂರು ತಿಂಗಳ ಹಣ ಒಟ್ಟಿಗೆ ಬರುವುದು ಅಪರೂಪವಲ್ಲ. ಜೂನ್‌ನಲ್ಲಿ ಕೆಲಸಕ್ಕೆ ಸೇರಿದವರು ಗಣೇಶನ ಹಬ್ಬದವರೆಗೆ ಕೈಗಡದಲ್ಲೇ ದಿನ ತಳ್ಳುವ ಸಿದ್ಧತೆ ಮಾಡಿಕೊಂಡಿರುವುದು ಕ್ಷೇಮ. ಏಪ್ರಿಲ್-ಮೇ ತಿಂಗಳುಗಳಿಗೆ ಗೌರವಧನವಿಲ್ಲ. ಭವಿಷ್ಯನಿಧಿ, ಪಿಂಚಣಿ ಯಾವುದೂ ಇಲ್ಲ. ಶಾಲೆಗೆ ಬಾರದ ದಿನದ ಮೊತ್ತ ಕಡಿತವಾಗುತ್ತದೆ.

ಎಲ್ಲಿ, ಎಷ್ಟು ದೂರ

ಹನ್ನೆರಡು ಸಾವಿರದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಬಸ್ಸಿನ ಪ್ರಶ್ನೆ. ತುಮಕೂರಿನಿಂದ ಗುಬ್ಬಿಗೆ 20 ಕಿಲೋಮೀಟರ್ ಮಾತ್ರ. ಶಿವಮೊಗ್ಗ ಹೆದ್ದಾರಿಯ ಬಸ್ಸುಗಳೂ ಅರಸೀಕೆರೆ ಮಾರ್ಗದ ರೈಲುಗಳೂ ಉಂಟು. ಗುಬ್ಬಿ ಪಟ್ಟಣದ ಅಥವಾ ಹೆದ್ದಾರಿಯ ಮೇಲಿರುವ ನಿಟ್ಟೂರಿನ ಶಾಲೆ ದೊರೆತವರು ಅದೃಷ್ಟವಂತರು. ಚೇಳೂರು, ಹಾಗಲವಾಡಿ, ಸಿ.ಎಸ್.ಪುರದ ಸುತ್ತಲಿನ ಹಳ್ಳಿಗಳಾದರೆ ಗುಬ್ಬಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಕೊನೆಯ ಎರಡು-ಮೂರು ಕಿಲೋಮೀಟರ್ ನಡಿಗೆ ಅಥವಾ ಯಾರದಾದರೂ ಬೈಕಿನ ಹಿಂಬದಿ.

ಕುಣಿಗಲ್ಲಿನ ಸಂಗತಿ ಬೇರೆ. ತುಮಕೂರಿನಿಂದ ನಾಗವಲ್ಲಿ, ಹೆಬ್ಬೂರು ಮಾರ್ಗವಾಗಿ ಬಸ್ಸಿನಲ್ಲಿ ಹೋಗಬೇಕು. ಕುಣಿಗಲ್‌ಗೆ ರೈಲು ಬಂದಿದ್ದರೂ ಅದು ಬೆಂಗಳೂರು-ಹಾಸನ ಮಾರ್ಗ, ತುಮಕೂರಿನವರಿಗೆ ಉಪಯೋಗವಿಲ್ಲ. ಅಲ್ಲಿಂದ ಮುಂದೆ ಹುಲಿಯೂರುದುರ್ಗ, ಅಮೃತೂರು, ಯಡಿಯೂರು ಒಂದೊಂದು ದಿಕ್ಕಿಗೆ. ಹುಲಿಯೂರುದುರ್ಗದ ಆಚೆಯ ಊರುಗಳಿಗೆ ಮದ್ದೂರೇ ಹತ್ತಿರ. ಹೀಗಾಗಿ ಈ ಭಾಗದ ಶಾಲೆಗಳಿಗೆ ತುಮಕೂರಿನಿಂದ ದಿನವೂ ಓಡಾಡುವುದಕ್ಕಿಂತ ಕುಣಿಗಲ್ಲಿನಲ್ಲೇ ನೆಲೆಸಿದವರು ಅರ್ಜಿ ಹಾಕುವುದು ವಿವೇಕ.

2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆ ಇಲ್ಲಿ ದೊಡ್ಡ ವ್ಯತ್ಯಾಸ ಮಾಡಿದೆ. ಸರ್ಕಾರಿ ಸಾರಿಗೆಯಲ್ಲಿ ಉಚಿತವಾಗಿ ಸಂಚರಿಸುವ ಶಿಕ್ಷಕಿಗೆ ಟಿಕೆಟ್ಟಿನ ಖರ್ಚಿಲ್ಲ. ಅದೇ ಶಾಲೆಗೆ ಬೈಕಿನಲ್ಲಿ ಬರುವ ಶಿಕ್ಷಕನ ಗೌರವಧನದಲ್ಲಿ ಪೆಟ್ರೋಲಿನ ಪಾಲು ಮೊದಲೇ ಕಳೆದುಹೋಗಿರುತ್ತದೆ. ಆದರೆ ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಲ್ಲಿ ಶಕ್ತಿಯ ಆಸರೆಯೂ ಇಲ್ಲ, ಖಾಸಗಿ ಬಸ್ಸು ಅಥವಾ ಆಟೋವೇ ಗತಿ. ಶನಿವಾರ ಬೆಳಗಿನ ಶಾಲೆ ಎಂಬುದನ್ನೂ ನೆನಪಿಡಬೇಕು. ಇತರ ದಿನಗಳ ಬಸ್ಸು ಆ ದಿನಕ್ಕೆ ತಡವಾಗುತ್ತದೆ, ಅದಕ್ಕಿಂತ ಮುಂಚಿನ ಬಸ್ಸು ಇಲ್ಲದಿರಬಹುದು. ಶಾಲೆ ಒಪ್ಪಿಕೊಳ್ಳುವ ಮೊದಲು ಶನಿವಾರದ ಬಸ್ಸಿನ ವೇಳೆ ವಿಚಾರಿಸಿಕೊಂಡವರು ಜಾಣರು.

ತರಗತಿಯೊಳಗೆ

ಬಿ.ಇಡಿ ಮುಗಿಸಿ ಬಂದವರಿಗೆ ಮೊದಲ ಆಘಾತ ನಲಿ-ಕಲಿಯದ್ದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತಿರುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ಈ ಪದ್ಧತಿಯಲ್ಲಿ ಕರಿಹಲಗೆಯ ಮುಂದೆ ನಿಂತು ಪಾಠ ಒಪ್ಪಿಸುವ ಶಿಕ್ಷಕರಿಗೆ ಕೆಲಸವೇ ಇಲ್ಲ. ಕಲಿಕಾ ಏಣಿಯ ಮೆಟ್ಟಿಲು ನೋಡಿ ಮಗು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಪೂರ್ಣ ಬೆಂಬಲ ಬೇಕಾದ ಗುಂಪಿನ ಜೊತೆ ಶಿಕ್ಷಕರು ಕೂರುತ್ತಾರೆ, ಸಹಪಾಠಿಗಳ ನೆರವಿನಿಂದ ಕಲಿಯುವವರು ಪಕ್ಕದಲ್ಲಿ, ತಾವೇ ಕಲಿಯುವವರು ಇನ್ನೊಂದು ತಟ್ಟೆಯ ಸುತ್ತ. ತರಬೇತಿಯಿಲ್ಲದೆ ಇದು ಸಂತೆಯಂತೆ ಕಾಣುತ್ತದೆ. ಕಾಯಂ ಶಿಕ್ಷಕರಿಗಾಗಿ ನಡೆಯುವ ತರಬೇತಿ ಅತಿಥಿಗಳಿಗೆ ಸಿಗುವುದು ಕಡಿಮೆ. ಅದೇ ಶಾಲೆಯ ಹಿರಿಯ ಶಿಕ್ಷಕಿಯ ಪಕ್ಕ ಎರಡು ದಿನ ಕುಳಿತು ನೋಡುವುದೇ ಉಳಿದಿರುವ ದಾರಿ. ಅದನ್ನು ಕೇಳಿಕೊಳ್ಳಲು ಸಂಕೋಚಪಡಬೇಕಿಲ್ಲ.

ಶಾಲಾರಂಭದ ದಿನಗಳಲ್ಲಿ 'ಸೇತುಬಂಧ' ಕಾರ್ಯಕ್ರಮ ಇರುತ್ತದೆ. ಹಿಂದಿನ ತರಗತಿಯಲ್ಲಿ ಕಲಿಯಬೇಕಾದ್ದು ಮಗುವಿಗೆ ಬಂದಿದೆಯೇ ಎಂದು ಪರೀಕ್ಷಿಸಿ, ಕೊರತೆ ತುಂಬಿ, ಅನಂತರ ಹೊಸ ಪಾಠಕ್ಕೆ ಹೋಗುವುದು ಇದರ ಉದ್ದೇಶ. ಅತಿಥಿ ಶಿಕ್ಷಕರ ಆದೇಶ ತಡವಾದ ವರ್ಷಗಳಲ್ಲಿ ಈ ದಿನಗಳೇ ಕಳೆದುಹೋಗುತ್ತವೆ. ತಡವಾಗಿ ಸೇರಿದವರು ಪಠ್ಯ ಮುಗಿಸುವ ಧಾವಂತದಲ್ಲಿ ನೇರವಾಗಿ ಮೊದಲ ಪಾಠಕ್ಕೆ ಇಳಿಯುವುದು ಸಾಮಾನ್ಯ. ಆರನೇ ತರಗತಿಯಲ್ಲಿ ಭಾಗಾಕಾರ ಬಾರದ ನಾಲ್ಕು ಮಕ್ಕಳಿದ್ದರೆ ದಶಮಾಂಶ ಪಾಠದಲ್ಲಿ ಆ ನಾಲ್ವರು ವರ್ಷವಿಡೀ ಸುಮ್ಮನೆ ಕುಳಿತಿರುತ್ತಾರೆ. ಒಂದು ವಾರ ಹಿಂದೆ ಹೋದರೂ ಚಿಂತೆಯಿಲ್ಲ, ಸೇತುಬಂಧದ ಪರೀಕ್ಷೆಯನ್ನು ತಾವೇ ನಡೆಸಿಕೊಳ್ಳುವುದು ಲೇಸು.

ಪಾಠದ ಹೊರಗಿನ ಕೆಲಸಗಳ ಪಟ್ಟಿ ದೊಡ್ಡದು. ಬಿಸಿಯೂಟದ ಸಮಯದಲ್ಲಿ ಸಾಲು ನಿಲ್ಲಿಸುವುದು, ಬಡಿಸುವ ಮುನ್ನ ಅಡುಗೆಯ ರುಚಿ ನೋಡುವುದು, ಹಾಲು ಕುಡಿಸುವುದು, ಮೊಟ್ಟೆ ಅಥವಾ ಬಾಳೆಹಣ್ಣಿನ ಲೆಕ್ಕ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಅಣಿಗೊಳಿಸುವುದು, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳನ್ನು ದಾಖಲಿಸುವುದು. ಕಂಪ್ಯೂಟರು ಬಲ್ಲ ಯುವ ಅತಿಥಿ ಶಿಕ್ಷಕರು ಶಾಲೆಗೆ ಬಂದರೆ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾಹಿತಿ ತುಂಬುವ ಕೆಲಸ ತಾನಾಗಿಯೇ ಅವರ ಪಾಲಿಗೆ ಬೀಳುತ್ತದೆ. ಇದು ಎಲ್ಲಿಯೂ ಬರೆದಿಟ್ಟ ಕರ್ತವ್ಯವಲ್ಲ. ಪಾಠದ ಅವಧಿಯಲ್ಲಿ ಈ ಕೆಲಸ ಬೇಡವೆಂದು ಮೊದಲ ವಾರವೇ ವಿನಯದಿಂದ ಹೇಳಿಕೊಳ್ಳಬೇಕು, ಮೂರು ತಿಂಗಳ ಮೇಲೆ ಹೇಳಿದರೆ ತಕರಾರಾಗುತ್ತದೆ.

ಕಾಯಂ ಶಿಕ್ಷಕರನ್ನು ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಕಾರ್ಯಗಳಿಗೆ ಬಳಸಲು ಶಿಕ್ಷಣ ಹಕ್ಕು ಕಾಯ್ದೆ ಅವಕಾಶ ನೀಡುತ್ತದೆ. ಅಂತಹ ದಿನಗಳಲ್ಲಿ ಶಾಲೆಯ ಭಾರ ಅತಿಥಿಗಳ ಹೆಗಲಿಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಕಳೆದುಹೋದ ಪಾಠಗಳನ್ನು ದೀಪಾವಳಿಯ ನಂತರ ಹೆಚ್ಚುವರಿ ತರಗತಿಗಳಲ್ಲಿ ತುಂಬಿಕೊಡುವ ಹೊಣೆಗೆ ಕಾಯಂ, ಅತಿಥಿ ಎಂಬ ಭೇದವಿಲ್ಲ.

ಶಿಸ್ತಿನ ವಿಚಾರದಲ್ಲಿ ಎಚ್ಚರ ಅವಶ್ಯ. 'ಗೆಸ್ಟ್ ಮಿಸ್ಸು ಮುಂದಿನ ವರ್ಷ ಇರಲ್ಲ' ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು, ಏಳನೇ ತರಗತಿಯ ಹಿಂದಿನ ಬೆಂಚಿನವರು ಅದನ್ನು ಪರೀಕ್ಷಿಸಿಯೇ ತೀರುತ್ತಾರೆ. ಕೋಲು ಹಿಡಿಯುವ ಮಾತೇ ಇಲ್ಲ. ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಕಾಯಂ ಶಿಕ್ಷಕರ ಮೇಲೆ ದೂರು ಬಂದರೆ ವಿಚಾರಣೆ ನಡೆಯುತ್ತದೆ, ಅತಿಥಿಯ ಮೇಲೆ ಬಂದರೆ ಮರುದಿನ ಬರಬೇಡಿ ಎಂಬ ಮಾತಷ್ಟೇ. ಮಕ್ಕಳ ಹೆಸರುಗಳನ್ನು ಮೊದಲ ಎರಡು ದಿನಗಳಲ್ಲಿ ಕಲಿತುಕೊಳ್ಳುವುದು, ಹಾಜರಿ ಕರೆಯುವಾಗಲೇ ಮನೆಯ ಕ್ಷೇಮ ವಿಚಾರಿಸುವುದು, ಗದ್ದಲದ ಹುಡುಗನ ಕೈಗೇ ಸೀಮೆಸುಣ್ಣ ಕೊಟ್ಟು ಹಲಗೆಯ ಬಳಿ ನಿಲ್ಲಿಸುವುದು ಕೋಲಿಗಿಂತ ಹೆಚ್ಚು ಕೆಲಸ ಮಾಡುತ್ತದೆಂಬುದು ಈ ಕಸುಬಿನಲ್ಲಿ ಹಣ್ಣಾದವರ ಅನುಭವ.

ಕಾಯಂ ಆಗುವ ಆಸೆ

ಪ್ರತಿ ಜೂನ್‌ನಲ್ಲಿ ಸಾವಿರಾರು ಯುವಕ ಯುವತಿಯರು ಈ ಕೆಲಸಕ್ಕೆ ಮರಳುವುದರ ಹಿಂದೆ, ಎಂದಾದರೊಂದು ದಿನ ಸರ್ಕಾರ ಕಾಯಂ ಮಾಡೀತೆಂಬ ನಿರೀಕ್ಷೆಯೂ ಇದೆ. ಈ ನಿರೀಕ್ಷೆಯನ್ನು ಕಾನೂನಿನ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ನೀಡಿದ ತೀರ್ಪು, ನಿಯಮಬದ್ಧ ನೇಮಕಾತಿಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದಿದ್ದವರಿಗೆ ಒಂದು ಬಾರಿಯ ಅವಕಾಶ ಮಾತ್ರ ತೆರೆದಿತ್ತು. ಉತ್ತರ ಪ್ರದೇಶದಲ್ಲಿ ಶಿಕ್ಷಾಮಿತ್ರರನ್ನು ಸಹಾಯಕ ಶಿಕ್ಷಕರನ್ನಾಗಿ ಸರ್ಕಾರ ಸೇರಿಸಿಕೊಂಡಿದ್ದರೂ 2017ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಪಡೆದಿದ್ದ ಹುದ್ದೆ ಕಳೆದುಕೊಂಡರು.

ಇತ್ತೀಚೆಗೆ ಗಾಳಿ ಸ್ವಲ್ಪ ಬದಲಾಗಿರುವುದೂ ನಿಜ. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಉಮಾದೇವಿ ತೀರ್ಪನ್ನು ಬಹುಕಾಲದಿಂದ ದುಡಿಯುತ್ತಿರುವವರ ವಿರುದ್ಧ ಆಯುಧದಂತೆ ಬಳಸಬಾರದೆಂದು ಸರ್ಕಾರಗಳಿಗೆ ಎಚ್ಚರಿಸಿತು. ಆದರೆ ಆ ಅರ್ಜಿದಾರರು ದಶಕಗಳ ಕಾಲ ಎಡೆಬಿಡದೆ ದುಡಿದಿದ್ದವರು. ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ ಜೂನ್‌ನಲ್ಲಿ ಮತ್ತೆ ಸೇರುವ ಅತಿಥಿ ಶಿಕ್ಷಕರ ಸೇವೆಯಲ್ಲಿ ಬೇಕೆಂದೇ ಇಟ್ಟಂತಿರುವ ಈ ಎರಡು ತಿಂಗಳ ಕಂದಕ ಇದ್ದೇ ಇದೆ.

ಹೋರಾಟದ ದಾರಿ ಹಿಡಿದವರಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಮುಂದಿದ್ದಾರೆ. 2022ರ ಜನವರಿಯಲ್ಲಿ ಅವರ ಗೌರವಧನ 26 ಸಾವಿರದಿಂದ 32 ಸಾವಿರ ರೂಪಾಯಿಗಳವರೆಗೆ ಏರಿತು. ಜೊತೆಗೆ ವಾರದ ಬೋಧನಾ ಅವಧಿಯೂ ಹೆಚ್ಚಿದ್ದರಿಂದ ಅನೇಕರು ಅವಕಾಶವನ್ನೇ ಕಳೆದುಕೊಂಡರು. 2023ರ ನವೆಂಬರ್‌ನಿಂದ ತರಗತಿ ಬಹಿಷ್ಕರಿಸಿದ ಅವರು, 2024ರ ಜನವರಿಯ ಆರಂಭದಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿದ್ದನ್ನು ನಗರದ ಜನ ಮರೆತಿರಲಾರರು. ಗೌರವಧನ ಹೆಚ್ಚಳ ಮತ್ತು ಆರೋಗ್ಯ ವಿಮೆಯ ಭರವಸೆ ದೊರೆಯಿತು, ಕಾಯಮಾತಿ ದೊರೆಯಲಿಲ್ಲ.

ಹೀಗಿರುವಾಗ ಕಾಯಂ ಹುದ್ದೆಗೆ ಉಳಿದಿರುವ ಖಚಿತ ದಾರಿ ನೇಮಕಾತಿ ಪರೀಕ್ಷೆಯೊಂದೇ. ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆ 1ರಿಂದ 5ನೇ ತರಗತಿಗೆ, ಎರಡನೆಯದು 6ರಿಂದ 8ನೇ ತರಗತಿಗೆ. ತಲಾ 150 ಅಂಕ. ಸಾಮಾನ್ಯ ವರ್ಗದವರಿಗೆ ಶೇ. 60, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 55 ಬೇಕು. ಒಮ್ಮೆ ತೇರ್ಗಡೆಯಾದರೆ ಪ್ರಮಾಣಪತ್ರಕ್ಕೆ ಜೀವಿತಾವಧಿ ಮಾನ್ಯತೆಯುಂಟು. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಕಾಯಂ ಶಿಕ್ಷಕರೂ ಇದರಲ್ಲಿ ತೇರ್ಗಡೆಯಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಇದರ ತೂಕ ಇನ್ನಷ್ಟು ಹೆಚ್ಚಿದೆ. ಪರೀಕ್ಷೆ ಗೆದ್ದರೂ ಕಾಯುವಿಕೆ ತಪ್ಪದು: 6ರಿಂದ 8ನೇ ತರಗತಿಗಳಿಗಾಗಿ 2022ರಲ್ಲಿ ಪ್ರಕಟವಾದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಆಯ್ಕೆಯಾದವರು, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಆದೇಶ ಪಡೆದದ್ದು 2023ರಲ್ಲಿ. ಅವರು ಶಾಲೆಗಳಿಗೆ ಬಂದಾಗ ಜಾಗ ಬಿಟ್ಟುಕೊಟ್ಟವರು ಅತಿಥಿಗಳೇ.

ದಿನದ ಪಾಠ, ಪ್ರಯಾಣ, ಮನೆಗೆಲಸ ಮುಗಿದ ಮೇಲೆ ಓದಿಗೆ ಉಳಿಯುವುದು ರಾತ್ರಿಯ ಒಂದೆರಡು ತಾಸು. ನಾಲ್ಕಾರು ವರ್ಷ ಹೀಗೆಯೇ ಕಳೆದರೆ ವಯೋಮಿತಿ ಹತ್ತಿರ ಬಂದಿರುತ್ತದೆ. ಇಷ್ಟು ವರ್ಷ ಮಾತ್ರ ಎಂದು ಮೊದಲೇ ಗಡುವು ಹಾಕಿಕೊಂಡು, ಅಷ್ಟರೊಳಗೆ ಪರೀಕ್ಷೆ ಕೈಹಿಡಿಯದಿದ್ದರೆ ಬೇರೆ ದಾರಿ ನೋಡುವವರ ಸಂಖ್ಯೆ ಕಡಿಮೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೋ ಬೆಂಗಳೂರಿನ ಖಾಸಗಿ ಶಾಲೆಗೋ ಹೋಗುವ ದಾರಿ ಕಣ್ಣೆದುರೇ ಇದ್ದರೂ, ಊರಿನಲ್ಲಿ 'ಮೇಷ್ಟ್ರು' ಎನಿಸಿಕೊಂಡವರಿಗೆ ಅದನ್ನು ಹಿಡಿಯುವುದು ಸುಲಭವಲ್ಲ.

ಖಾಸಗಿ ಶಾಲೆಗಳಲ್ಲಿ ಹೆರಿಗೆ ರಜೆಯಂತಹ ಸಂದರ್ಭಗಳಲ್ಲಿ ಮೂರರಿಂದ ಆರು ತಿಂಗಳ ಬದಲಿ ಕೆಲಸ ದೊರೆಯುವುದುಂಟು. ಅಲ್ಲಿ ಸರ್ಕಾರಿ ಆದೇಶದ ಚೌಕಟ್ಟಿಲ್ಲ, ಎಲ್ಲವೂ ಆಡಳಿತ ಮಂಡಳಿಯೊಡನೆ ಆದ ಮಾತು. ಸಂಬಳ, ಅವಧಿ ಮತ್ತು ರಜಾದಿನಗಳ ಲೆಕ್ಕವನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಅಗತ್ಯ. ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿ ಬರುವುದು ಬೇಡ.

ವರ್ಷಾಂತ್ಯದಲ್ಲಿ

ಮಾರ್ಚ್ ಮುಗಿಯುವ ಮುನ್ನ ಮಾಡಿಕೊಳ್ಳಬೇಕಾದ ಕೆಲವು ಕೆಲಸಗಳಿವೆ. ಜೂನ್‌ನಿಂದ ದುಡಿದ ದಿನಗಳಿಗೂ ಬ್ಯಾಂಕಿಗೆ ಜಮೆಯಾದ ಮೊತ್ತಕ್ಕೂ ತಾಳೆ ನೋಡಿ, ವ್ಯತ್ಯಾಸವಿದ್ದರೆ ಮುಖ್ಯ ಶಿಕ್ಷಕರ ಮೂಲಕ ಲಿಖಿತ ಮನವಿ ಕೊಡಬೇಕು. ಆರ್ಥಿಕ ವರ್ಷ ದಾಟಿದ ಬಾಕಿಯನ್ನು ಪಡೆಯುವುದು ಕಷ್ಟದ ಮಾತು. ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಬೋಧಿಸಿದ ತರಗತಿ ಹಾಗೂ ವಿಷಯಗಳನ್ನು ನಮೂದಿಸಿದ ಸೇವಾ ಪ್ರಮಾಣಪತ್ರವನ್ನು ಮುಖ್ಯ ಶಿಕ್ಷಕರ ಸಹಿ, ಮೊಹರಿನೊಂದಿಗೆ ಪಡೆಯಬೇಕು. ಅವರೇ ವರ್ಗವಾಗಿ ಹೋದರೆ ಹೊಸಬರು ತಾವು ನೋಡದ ಸೇವೆಗೆ ಸಹಿ ಹಾಕಲು ಹಿಂಜರಿಯುತ್ತಾರೆ. ನೇಮಕಾತಿ ಆದೇಶ ಮತ್ತು ಹಾಜರಿ ಪುಸ್ತಕದ ಪುಟಗಳ ನಕಲು ಜೊತೆಯಲ್ಲಿರಲಿ. ಮೌಲ್ಯಮಾಪನ ದಾಖಲೆಗಳನ್ನು ಹಸ್ತಾಂತರಿಸುವಾಗ, ಯಾವ ಮಗು ಎಲ್ಲಿ ಹಿಂದುಳಿದಿದೆ ಎಂಬ ಒಂದು ಪುಟದ ಟಿಪ್ಪಣಿಯನ್ನು ಅದರೊಳಗೆ ಇಡುವ ಶಿಕ್ಷಕರೂ ಇದ್ದಾರೆ. ಮುಂದಿನ ಜೂನ್‌ನಲ್ಲಿ ಆ ತರಗತಿಗೆ ಯಾರು ಬರುತ್ತಾರೆಂಬುದು ಆಗ ಇನ್ನೂ ಯಾರಿಗೂ ತಿಳಿದಿರುವುದಿಲ್ಲ.